ಕಬ್ಬಿಣದ ಲಾಲಿ

ಮಲಪ್ರಭೆಯ ದಂಡೆಯ ಮಠದಲ್ಲಿ ಒಬ್ಬ ಅಜ್ಜಾರು. ಯಾರ ದೂರು ಕೇಳುವಾಗಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಅವತ್ತು ಹೊಳೆಯಲ್ಲಿ ಧೋತರ ಒಗೆಯುತ್ತಿದ್ದರು.

ಶಿಷ್ಯ ಅಡಿವೆಪ್ಪ ಬಂದು ಮೆಟ್ಟಿಲ ಮೇಲೆ ಧೊಪ್ಪನೆ ಕೂತ. ಕರೀ ಟೀ ಶರ್ಟು, ಅದರ ಮೇಲೆ ಹಲ್ಲು ಕಿರಿದ ತಲೆಬುರುಡೆ. ಭಾನುವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬಂದು, ಮಠದ ಪಾತ್ರೆ ತಿಕ್ಕಿ, ಅಜ್ಜಾರ ಎರಡು ಮಾತು ಕೇಳಿ ಹೋಗುವ ಆಸಾಮಿ. ಮಿಕ್ಕ ದಿನ ಅವನಿಗೆ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತವೇ ದೇವರು.

"ಅಜ್ಜಾರ, ನೀವೊಂದು ನ್ಯಾಯ ಹೇಳ್ಬೇಕ್ರಿ."

"ಹೊಲದ್ದೋ, ಮನೀದೋ?"

"ಹಾಡಿಂದ್ರಿ."

"ಅಬ್ಬಬ್ಬಾ, ಬಾಳ ದೊಡ್ಡ ವ್ಯಾಜ್ಯ ಬಿಡಪಾ!"

ವ್ಯಾಜ್ಯ ಇಷ್ಟೇ. 'ಕರಿಸಿಡಿಲು' ಅಂತ ಒಂದು ಬ್ಯಾಂಡು. ಅದರ ಹಾಡುಗಾರ ಗಂಟಲು ಹರಿಯುವ ಹಾಗೆ ಒದರುತ್ತಾನೆ. ಅವರ ಅಭಿಮಾನಿಗಳ ಗುಂಪು ಕಟ್ಟಿದವರು ಅಡಿವೆಪ್ಪ ಮತ್ತು ಅವನ ಜೀವದ ಗೆಳೆಯ ದಾವಲ. ಈಗ ಅದೇ ಬ್ಯಾಂಡು ಒಂದು ಮೆಲ್ಲನೆಯ ಹಾಡು ತಂದಿದೆ. ಅವರ ಮಂದಿ ಅದಕ್ಕೆ ಬ್ಯಾಲಡ್ ಅನ್ನುತ್ತಾರೆ. ಮಗ ಮನೆಗೆ ಬರುವ ತನಕ ಕಣ್ಣು ಮುಚ್ಚದ ತಾಯಿಯ ಹಾಡು. ಅದು ಬಂದದ್ದೇ ತಡ, ಗುಂಪು ಒಡೆದು ಎರಡಾಯಿತು: ಹಾಡು ಮೆಚ್ಚಿದ ದಾವಲ ಒಂದು ಕಡೆ, ಅಡಿವೆಪ್ಪ ಇನ್ನೊಂದು ಕಡೆ.

"ಹಾಡು ಚಲೋ ಐತೋ ಕೆಟ್ಟದೈತೋ ನೀವಾ ಹೇಳ್ರಿ. ನಿಮ್ಮ ಮಾತಂದ್ರ ದಾವಲನೂ ಕೇಳ್ತಾನ."

"ಕೇಳಸು ನೋಡೂಣು."

ಅಡಿವೆಪ್ಪ ಜಾಣ. ಮೊದಲು ಫೋನಿನಲ್ಲಿ ಆ ಬ್ಯಾಂಡಿನ ಹಳೆಯದೊಂದು ಹಾಡು ಹಚ್ಚಿದ. ದಡದಲ್ಲಿದ್ದ ಕೊಕ್ಕರೆ ಎದ್ದೆನೋ ಬಿದ್ದೆನೋ ಅಂತ ಹಾರಿಹೋಯಿತು.

ಅಜ್ಜಾರು ಪೂರ್ತಿ ಕೇಳಿದರು. "ಯಾಕೋ ಇಂವಗ ಬಾಳ ಸಿಟ್ಟು ಬಂದೈತಿ."

"ಇದು ನೋಡ್ರಿ ಖರೇ ಹಾಡು! ಇನ್ನ ಆ ಸಪ್ಪಂದು ಕೇಳ್ರಿ."

ಅದನ್ನೂ ಕೇಳಿದರು, ಕಣ್ಣು ಮುಚ್ಚಿ.

"ಇಂವ ಅಂವನಾ ಏನು?"

"ಹೌದ್ರಿ, ಅಂವನಾ."

"ಅಂವಗ ಸಿಟ್ಟು ಯಾಕ ಬಂದಿತ್ತಂತ ಈಗ ತಿಳೀತು."

ಅಡಿವೆಪ್ಪನಿಗೆ ಇರುಸುಮುರುಸಾಯಿತು. "ಅಂದ್ರ ದಾವಲಂದಾ ಖರೇ ಅಂತೀರೇನ್ರಿ?"

"ನಾ ಎಲ್ಲಿ ಅಂದೆ? ನಿನ್ನ ವಾದ ಹೇಳು."

"ಮೆಟಲ್ ಅಂದ್ರ ಬಗ್ಗಬಾರದ್ರಿ. ಇವರು ನಾಕು ಮಂದಿ ಹೆಚ್ಚಿಗಿ ಕೇಳ್ಲಿ ಅಂತ ಹಲ್ಲು ಕಿತ್ತಿಸ್ಕೊಂಡು ಕುಂತಾರ. ಡ್ರಮ್ ಬಾರಸಾಂವ ಅರ್ಧ ಹಾಡು ಕೈ ಕಟ್ಟಿ ಕುಂತಿರ್ತಾನ್ರಿ! ಅವಂಗ ನಾಚಿಕಿ ಬ್ಯಾಡಾ?"

"ಆತು. ಈಗ ಎದ್ದು ಆ ಕಡೆ ಮೆಟ್ಟಿಲಿಗೆ ಹೋಗು. ಅಲ್ಲಿ ಕುಂತಾಂವ ದಾವಲ. ಅವನ ವಾದ ಹೇಳು."

"ಅವನ ವಾದ ನಾ ಹೆಂಗ್ರಿ..."

"ಕೂಡಿ ಬೆಳದವರು. ಅವನ ಮಾತು ನಿನ್ನ ಬಾಯಾಗ ಬರೂದಿಲ್ಲಾ?"

ಅಡಿವೆಪ್ಪ ಗೊಣಗುತ್ತಲೇ ಎದ್ದು ಆ ಕಡೆ ಕೂತ. ದಾವಲ ಮಾತಿಗೆ ಮುಂಚೆ ಮೂಗು ಉಜ್ಜುತ್ತಿದ್ದ. ಇವನೂ ಉಜ್ಜಿದ.

"ಏ ಅಡಿವ್ಯಾ, ಒದರಾಕ ಏನು ಧೈರ್ಯ ಬೇಕಲೇ? ನಮ್ಮಂಥಾ ಮಂದಿ ಮುಂದ ಮೆಲ್ಲಕ ಹಾಡಾಕ ಗುಂಡಿಗಿ ಬೇಕು. ಡ್ರಮ್ ಅಷ್ಟೊತ್ತು ಸುಮ್ನ ಇದ್ದದ್ದಕ್ಕನಾ ಕಡೀಗೆ ಬಂದಾಗ ಎದಿಗೆ ಹೊಡೀತಾವು. ಮತ್ತ ಆ ತಾಯಿ... ನಮ್ಮವ್ವನೂ ನಾ ರಾತ್ರಿ ಪಾಳೆ ಕೆಲಸ ಮುಗಿಸಿ ಬರೋಮಟಾ ಬಾಗಲದಾಗ ಕುಂತಿರ್ತಿದ್ಲು..."

ಮೂಗಿನ ಮೇಲಿದ್ದ ಕೈ ಕೆಳಗಿಳಿಸಿದ.

"ಮುಂದ?"

"ಮುಂದ ಅಂವ ಹೇಳ್ಲಿಲ್ರಿ. ಅಳಾಕತ್ತಿದ್ದ. ಅವರವ್ವ ತೀರ್ಕೊಂಡು ಇನ್ನಾ ವರ್ಷ ಆಗಿದ್ದಿಲ್ಲ."

"ನೀ ಏನಂದಿ?"

ಅಡಿವೆಪ್ಪ ತನ್ನ ಶರ್ಟಿನ ತುದಿ ಹಿಡಿದು ಜಗ್ಗುತ್ತ ಕೂತ. ಹೇಳದೆ ಬೇರೆ ದಾರಿಯಿರಲಿಲ್ಲ.

"ತೊಟ್ಟಿಲದಾಗ ಮಲಕೋ ಹೋಗಲೇ, ನೀ ಡೂಪ್ಲಿಕೇಟ್ ಅಭಿಮಾನಿ ಅಂದ್ನಿರಿ. ಗುಂಪಿನವರ ಮುಂದ. ನನ್ನ ಕಡೆಯವರೆಲ್ಲಾ ನಕ್ಕರು. ಎದ್ದು ಹೋದಾಂವ ಮತ್ತ ಬಂದಿಲ್ರಿ. ನಾನೂ ಫೋನ್ ಮಾಡಿಲ್ಲ."

ವಾದವನ್ನೇನೋ ಅವತ್ತೇ ಗೆದ್ದಿದ್ದ. ಆದರೆ ದಾವಲನಿಲ್ಲದೆ ಯಾವ ಹಾಡೂ ರುಚಿಸುತ್ತಿರಲಿಲ್ಲ. ಹೊಸ ಹಾಡು ಬಂದರೆ ಯಾರಿಗೆ ಕೇಳಿಸಬೇಕು? ಅಜ್ಜಾರೂ 'ನಿಂದೇ ಖರೇ' ಅಂದುಬಿಟ್ಟರೆ ಎದೆಯ ಭಾರ ಇಳಿದೀತು ಅಂತ ಆಸೆ ಇಟ್ಟುಕೊಂಡು ಬಂದಿದ್ದ, ಪಾಪ.

ಅಜ್ಜಾರು ಧೋತರ ಹಿಂಡತೊಡಗಿದರು.

"ಅಲ್ಲೋ, ಆ ಸಿಟ್ಟಿನ ಹಾಡಿಗೆ ನೀವು ಕುಣೀತೀರೇನು?"

ಅಡಿವೆಪ್ಪನ ಮುಖ ತುಸು ಅರಳಿತು. "ಕುಣಿಯೂದಲ್ರಿ, ಟಗರಿನಂಗ ಒಬ್ಬರಿಗೊಬ್ಬರು ಹಾಯ್ತೀವ್ರಿ. ಮೈಯೆಲ್ಲಾ ಹಣ್ಣಾಗ್ತೈತಿ."

"ಬಿದ್ದಾಂವನ್ನ ತುಳದ ಹೋಗ್ತೀರೇನು ಮತ್ತ?"

"ಛೇ ಛೇ! ಹಂಗಂದ್ರ ಹೆಂಗ್ರಿ ಅಜ್ಜಾರ? ನಮ್ಮದೂ ಒಂದು ಕಾಯ್ದೆ ಐತ್ರಿ. ಒಬ್ಬಾಂವ ಬಿದ್ರ ಸುತ್ತಲಿದ್ದವರು ಅಲ್ಲೇ ನಿಂತು, ಬಗಲಿಗೆ ಕೈ ಹಾಕಿ ಎತ್ತಬೇಕು. ಗುರುತು ಇರ್ಲಿ, ಬಿಡ್ಲಿ. ಎತ್ತಲಾರದಾಂವ ನಮ್ಮ ಪೈಕಿನಾ ಅಲ್ಲ. ಅಂವ ಖರೇ ಡೂಪ್ಲಿ..."



ಅಜ್ಜಾರು ಧೋತರ ಝಾಡಿಸಿ ಕಲ್ಲಿನ ಮೇಲೆ ಹರವಿದರು. ಅವನ ಕಡೆ ನೋಡಲಿಲ್ಲ. ಅಡಿವೆಪ್ಪ ಕಣ್ಣು ಮೂಗು ಒರೆಸಿಕೊಂಡ, ಎದ್ದು ನಿಂತ. ಹುಬ್ಬಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿದ.

"ದಾವಲನ ಮನಿಗೆ ಹೋಗ್ತೇನ್ರಿ."

"ಹೋಗಿ ಬಾ."

ಮೆಟ್ಟಿಲೇನೋ ದಡದಡ ಹತ್ತಿದ. ಮೇಲೆ ಹೋದ ಮೇಲೆ ಕಾಲು ತಡೆಯಿತು. ಅಲ್ಲಿಂದಲೇ ತಿರುಗಿ ಕೂಗಿದ.

"ಅಜ್ಜಾರ, ಅಂವ ಮಾತಾಡ್ಲಿಲ್ಲಂದ್ರ?"

"ಬಿದ್ದಾಂವ ಮೊದಲ ಮಾತಾಡ್ಲಿ, ಆಮ್ಯಾಲೆ ಎತ್ತೂಣು ಅಂತ ನಿಮ್ಮ ಮಂದಿ ಕಾಯ್ತಾರೇನೋ ಹುಚ್ಚಪ್ಪಾ?"