ಪರದೆಯ ಹಿಂದೆ ಅಳುವವಳು

ಫಕೀರವ್ವನಿಗೆ ನಲವತ್ತು ವರ್ಷ ಅನ್ಯಾಯ ಮಾಡಿದರು. ಮಾಡಿ ಮುಗಿಸಿದ ಮೇಲೆ ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟರು.

ಅವಳು ನಾಟಕ ಕಂಪನಿಯ ನಟಿ. ಬಣ್ಣ ಕಪ್ಪು, ಮೂಗು ಅಗಲ. ಹಾಗಾಗಿ ಇಪ್ಪತ್ತರ ವಯಸ್ಸಿಗೇ ಅವಳನ್ನು ಮುದುಕಿ ಮಾಡಿದರು. ತನಗಿಂತ ದೊಡ್ಡವನಾದ ನಾಯಕನಿಗೆ ತಾಯಿಯಾದಳು. ಅತ್ತೆಯಾದಳು, ಸೂಲಗಿತ್ತಿಯಾದಳು, ಕಸ ಗುಡಿಸುವವಳಾದಳು. ಊರಿಂದ ಊರಿಗೆ ಕ್ಯಾಂಪು ಹೋಯಿತು. ತಗಡಿನ ಥೇಟರು ಎದ್ದಿತು, ಬಿದ್ದಿತು. ಬೋರ್ಡಿನ ಮೇಲೆ ಅವಳ ಹೆಸರು ಒಮ್ಮೆಯೂ ಬರಲಿಲ್ಲ.

ಇನ್ನೊಂದು ಕೆಲಸವನ್ನೂ ಅವಳಿಗೆ ಹಚ್ಚಿದ್ದರು.

ನಾಯಕಿ ಜೋರಾಗಿ ಅತ್ತರೆ ಗಂಟಲು ಕೆಡುತ್ತದೆ, ಮುಂದಿನ ಹಾಡಿಗೆ ದನಿ ಏಳುವುದಿಲ್ಲ. ಆದ್ದರಿಂದ ನಾಯಕಿ ಸೆರಗಿನಲ್ಲಿ ಮುಖ ಮುಚ್ಚಿ ಭುಜ ಕುಣಿಸುತ್ತಿದ್ದಳು. ಪಕ್ಕದ ಪರದೆಯ ಹಿಂದೆ ನಿಂತು ಫಕೀರವ್ವ ಅಳುತ್ತಿದ್ದಳು. ಜನ ಕಣ್ಣೊರೆಸಿಕೊಂಡು ನಾಯಕಿಗೆ ಹಾರ ಹಾಕುತ್ತಿದ್ದರು.

ನಾಯಕಿಯರು ಬಂದರು, ಹೋದರು. ಅಳು ಅದೇ ಇತ್ತು.

ಮುಪ್ಪಿನಲ್ಲಿ ಅವಳು ಕಂಪನಿ ಬಿಟ್ಟ ಮೇಲೆ, ಸಿನಿಮಾ ತೆಗೆಯಲು ಪರದೇಶದಿಂದ ಒಬ್ಬ ಹೆಣ್ಣುಮಗಳು ಬಂದಳು. ಸಂತೆಯಲ್ಲಿ ಫಕೀರವ್ವನ ಮುಖ ಕಂಡಳು. ಕರೆದುಕೊಂಡು ಹೋಗಿ ಕ್ಯಾಮೆರಾದ ಮುಂದೆ ಕೂರಿಸಿದಳು. ಆ ಸಿನಿಮಾ ಸಮುದ್ರ ದಾಟಿತು. ಹೆಸರು ಹೇಳಲು ನಾಲಿಗೆ ಹೊರಳದ ಯಾವುದೋ ಪಟ್ಟಣದಲ್ಲಿ, ಲೋಕದ ದೊಡ್ಡ ದೊಡ್ಡ ನಟಿಯರನ್ನು ಬಿಟ್ಟು, ಅವಳಿಗೆ ಬಹುಮಾನ ಕೊಟ್ಟರು.

ಪತ್ರಿಕೆಯವರು ಬಂದರು. ಮಂತ್ರಿ ಬಂದ. ಎಲ್ಲರೂ "ನಮ್ಮ ಫಕೀರವ್ವ" ಎಂದರು. ಅದುವರೆಗೆ ಅವಳು ಯಾರಿಗೂ ಬೇಕಾದವಳಾಗಿರಲಿಲ್ಲ.

ಕಂಪನಿಯ ಮಾಲಕ ಗುರುಸಿದ್ದಪ್ಪ ಎಲ್ಲರಿಗಿಂತ ಜೋರಾಗಿ ಅಂದ. ಒಳ್ಳೆಯ ಪಾತ್ರ ಕೇಳಲು ಹೋದ ಪ್ರತಿ ಹುಡುಗಿಗೂ ಅವನದು ಒಂದೇ ಮಾತು: "ಫಕೀರವ್ವನವರನ್ನ ನೋಡಿ ಕಲೀರಿ. ತಾಳಿದಾಕಿ ಬಾಳ್ಯಾಳು."

ಕಸ್ತೂರಿ ಆ ಮಾತನ್ನು ನಂಬಿದಳು.

ಕಸ್ತೂರಿಯದೂ ಕಪ್ಪು ಬಣ್ಣ. ಫಕೀರವ್ವ ಬಿಟ್ಟುಹೋದ ಜಾಗದಲ್ಲಿ, ಪರದೆಯ ಹಿಂದೆ, ಈಗ ನಿಲ್ಲುತ್ತಿದ್ದವಳು ಅವಳೇ. ಅವಳ ತಾಯಿ ಹನಮವ್ವ ಅದೇ ಕಂಪನಿಗೆ ಅಡುಗೆ ಮಾಡುತ್ತಿದ್ದಳು. ಥೇಟರಿನ ಹಿಂದಿನ ತಗಡಿನ ಕೋಣೆ ಬಿಟ್ಟರೆ ತಾಯಿ ಮಗಳಿಗೆ ಬೇರೆ ಸೂರು ಇರಲಿಲ್ಲ.

ಮಾಲಕ ಅವಳನ್ನು ಕರೆದು ಹೇಳಿದ: "ನಾಳೆ ಸಂಜಿ ಆಟದಾಗ ಫಕೀರವ್ವನವರಿಗೆ ಸನ್ಮಾನ. ತೊಟ್ಟಿಲ ದೃಶ್ಯ ಆಡತೀವಿ. ಅವರು ಅಳತಿದ್ದಂಗ ನೀ ಅತ್ತಿ ಅಂದ್ರ, ಮುಂದಿನ ಕ್ಯಾಂಪಿಗೆ ನೀನ ನಾಯಕಿ. ಇಲ್ಲಾಂದ್ರ ನಿಮ್ಮವ್ವನ್ನ ಕರಕೊಂಡು ದಾರಿ ಹಿಡಿ."

ತೊಟ್ಟಿಲ ದೃಶ್ಯದಲ್ಲಿ ತಾಯಿ ಕೂಸನ್ನು ಎತ್ತಲು ಹೋಗುತ್ತಾಳೆ. ಕೂಸು ತಣ್ಣಗಾಗಿರುತ್ತದೆ. ಆ ಕಂಪನಿ ಬದುಕಿದ್ದೇ ಆ ದೃಶ್ಯದಿಂದ.

ಕಸ್ತೂರಿ ಹೊಳೆಯ ದಂಡೆಗೆ, ಫಕೀರವ್ವ ಇರುವಲ್ಲಿಗೆ ನಡೆದಳು. ಫಕೀರವ್ವ ಗುಡಿಸಲ ಮುಂದೆ ಬಟ್ಟೆ ಒಣಹಾಕುತ್ತಿದ್ದಳು.

"ಅವ್ವಾರ, ನಂಗ ಅಳೋದು ಕಲಸ್ರಿ."

"ಹುಟ್ಟಿದಾಗ ಅಳಲಿಲ್ಲೇನು?"

"ಅತ್ತಿರಬೇಕ್ರಿ."

"ಮತ್ತ? ಬರತೈತಿ ಬಿಡು."

"ಆ ಅಳು ಅಲ್ರಿ. ನಿಮ್ಮ ಅಳು. ತೊಟ್ಟಿಲ ದೃಶ್ಯದ್ದು."

ಫಕೀರವ್ವ ಒಲೆಯ ಕಡೆ ಕೈ ತೋರಿಸಿದಳು. "ಚಾ ಮಾಡು."

ಕಟ್ಟಿಗೆ ಹಸಿ. ಕಸ್ತೂರಿ ಊದಿದಳು, ಕೆಮ್ಮಿದಳು. ಕಣ್ಣು ಮೂಗು ಎರಡೂ ಸುರಿದವು.

"ಬಂತಲ್ಲ ಕಣ್ಣೀರು. ಚಾ ಕೊಟ್ಟು ಹೋಗು."

"ಇದು ಹೊಗಿಗೆ ಬಂದದ್ದು."

"ಮುಂದ ಕುರ್ಚಿ ಮ್ಯಾಲೆ ಕುಂತಾಂವಗ ಏನ ತಿಳೀತೈತಿ?"

"ಚಾಷ್ಟಿ ಮಾಡಬ್ಯಾಡ್ರಿ ಅವ್ವಾರ. ನಾನೂ ನಿಮ್ಮಂಗ ತಾಳಾಕ ತಯಾರ ಅದೀನಿ. ನೀವು ತಾಳಿದ್ರಿ, ಕಡೀಕ ನಿಮಗ ಫಲ ಸಿಕ್ತು."

ಫಕೀರವ್ವ ಒಳಗೆ ಹೋಗಿ ಒಂದು ಉಣ್ಣೆ ಶಾಲು ತಂದಳು. ಯಾವುದೋ ಸನ್ಮಾನದಲ್ಲಿ ಹೊದಿಸಿದ್ದು. ಬೇಸಿಗೆಯ ಮಧ್ಯಾಹ್ನ, ದಂಡೆಯ ಮರಳು ಹುರಿದಂತೆ ಕಾದಿತ್ತು. ಶಾಲನ್ನು ಕಸ್ತೂರಿಯ ಮೈತುಂಬ ಸುತ್ತಿ ಬಿಸಿಲಿಗೆ ನಿಲ್ಲಿಸಿದಳು. ತಾನು ನೆರಳಿಗೆ ಕೂತು ಚಹಾ ಕುಡಿಯತೊಡಗಿದಳು.

"ಬೆಚ್ಚಗ ಐತೇನು?"

"ಸುಡಾಕತ್ತೈತ್ರಿ."

"ತಾಳು."

ಕಸ್ತೂರಿಯ ಹಣೆಯಿಂದ ಬೆವರು ಇಳಿಯಿತು.

"ಜೀವ ಹೊಂಟೈತ್ರಿ, ಅವ್ವಾರ."

"ನಾ ಥಂಡ್ಯಾಗ ನಡಗತಿದ್ದೆ. ಒಂದು ಹರಕ ಕೌದಿ ಕೇಳಿದ್ದೆ, ಯಾರೂ ಕೊಡಲಿಲ್ಲ. ಈಗ ಉರಿ ಬ್ಯಾಸಗಿ. ಬಂದ ಬಂದಾವರು ಶಾಲು ಹೊದಸ್ತಾರ. ಇದಕ್ಕ ಫಲ ಅಂತಿಯೇನು?"

ಕಸ್ತೂರಿ ಶಾಲು ತೆಗೆದು ಮಡಚಿದಳು. ಆದರೂ ಅವಳ ಹಟ ಹೋಗಲಿಲ್ಲ.

"ನಂಗ ನಾಯಕಿ ಆಗಬೇಕ್ರಿ. ಒಂದ ಸಲ ನನ್ನ ಮಾರಿ ಮಂದಿಗೆ ಕಾಣಬೇಕು. ಕೇಳ್ರಿ, ಅತ್ತು ತೋರಸ್ತೀನಿ, ತಪ್ಪಿದ್ದಲ್ಲಿ ತಿದ್ರಿ."

ಅತ್ತಳು. ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ತಿರುಗಿ ನೋಡಿದ.

"ಇದು ಹಸದಾಕಿ ಅಳು," ಎಂದಳು ಫಕೀರವ್ವ. "ಛಲೋ ಐತಿ. ನಿಂದ ಐತಿ."

"ಕೂಸು ಸತ್ತಾಕಿದು ಬೇಕ್ರಿ. ನಿಮಗ ಯಾರು ಕಲಿಸಿದ್ರು?"

"ಗುರುಸಿದ್ದಪ್ಪನ ಅಪ್ಪ."

"ದೊಡ್ಡ ಮಾಲಕರು? ಅವರಿಗೆ ಅಳೋದು ಬರತಿತ್ತೇನ್ರಿ?"

"ಅಳಸೋದು ಬರತಿತ್ತು."

ಫಕೀರವ್ವ ಚಹಾದ ಕಪ್ಪು ಕೆಳಗಿಟ್ಟಳು.

"ನಂಗೊಂದು ಹೆಣ್ಣು ಕೂಸು ಇತ್ತು. ಈರವ್ವ ಅಂತ. ಆಗಷ್ಟ ನಡ್ಯಾಕ ಕಲತಿತ್ತು. ಬಿದ್ದರೂ ನಗತಿತ್ತು. ಒಂದು ಕ್ಯಾಂಪಿನ್ಯಾಗ ಜ್ವರ ಬಂತು, ಇಳೀಲಿಲ್ಲ. ದವಾಖಾನಿಗೆ ಹೋಗಿ ಬರತೀನಿ ಅಂದೆ. ದೊಡ್ಡ ಮಾಲಕ, ತೊಟ್ಟಿಲ ದೃಶ್ಯ ಮುಗಿಸಿ ಹೋಗು ಅಂದ. ಬಣ್ಣದ ಪೆಟ್ಟಿಗಿ ಬಾಜೂಕ ಕೂಸನ್ನ ಮಲಗಿಸಿ ಪರದೆ ಹಿಂದ ಹೋಗಿ ನಿಂತೆ. ನಾಯಕಿ ತೊಟ್ಟಿಲಿಗೆ ಕೈ ಹಾಕಾಕತ್ತಿದ್ಲು. ವೇಷದ ಬಟ್ಟಿ ನೋಡಕೊಳ್ಳಾಕಿ ಬಂದು ನನ್ನ ಕಿವ್ಯಾಗ ಹೇಳಿದ್ಲು."

ಕಸ್ತೂರಿ ಅವಳ ಹತ್ತಿರಕ್ಕೆ ಸರಿದು ಕೂತಳು.

"ಅತ್ತೆ. ಥೇಟರ್ ತುಂಬ ಮಂದಿ ಎದ್ದು ನಿಂತು ಒನ್ಸ್ ಮೋರ್ ಅಂದ್ರು."

ಕಂಪನಿ ನಾಟಕದಲ್ಲಿ ಜನ ಒನ್ಸ್ ಮೋರ್ ಎಂದರೆ ಆ ದೃಶ್ಯವನ್ನು ಮತ್ತೆ ಆಡಲೇಬೇಕು. ಸತ್ತುಬಿದ್ದ ನಾಯಕನೂ ಎದ್ದು ಮತ್ತೊಮ್ಮೆ ಸಾಯಬೇಕು. ಅದು ಕಸ್ತೂರಿಗೂ ಗೊತ್ತು.

"ನೀವು ಓಡಿ ಹೋಗಲಿಲ್ಲೇನ್ರಿ?"

"ಕಾಲು ಎತ್ತಿದೆ. ಮಾಲಕ ಅಡ್ಡ ನಿಂತ. ಈ ಊರಾಗ ಕಂಪನಿ ಹೆಂಗಸಿನ ಕೂಸಿಗೆ ಯಾರು ಮಣ್ಣ ಕೊಡ್ತಾರ, ನಾ ಹೇಳಿದ್ರಷ್ಟ ಕೊಡ್ತಾರ, ಅಳು ಅಂದ."

ಹೊಳೆಯ ನೀರಿಗೆ ಎಮ್ಮೆ ಇಳಿಯಿತು.

"ಮತ್ತ ಅತ್ತೆ. ಕುಣಿ ತೋಡಾಕ ಜಾಗ ಸಿಕ್ತು. ನಾಯಕಿಗೆ ಹಾರ ಸಿಕ್ತು. ಆಮ್ಯಾಲೆ ಹೋದ ಹೋದ ಊರಾಗ ಅದ ಅಳು ಬೇಕಂದ್ರು. ಪ್ರತಿ ಆಟಕ್ಕೂ ನನ್ನ ಕೂಸು ಸತ್ತಿತು."

"ಸಿನಿಮಾದಾಗೂ ಅದನ್ನ ಅತ್ರೇನ್ರಿ?"

"ಆ ಪರದೇಶದಾಕಿ, ನಿಮ್ಮ ಮಗಳು ತೀರಿದ ಸುದ್ದಿ ಬಂದೈತಿ, ಅಳ್ರಿ ಅಂದ್ಲು. ಬರಲಿಲ್ಲ. ಎಲ್ಲಾ ತೀರಿಹೋಗಿತ್ತು. ಸುಮ್ಮನ ಕುಂತೆ. ಎಂಥಾ ಅಭಿನಯ ಅಂತ ಬಹುಮಾನ ಕೊಟ್ರು."

ಕಸ್ತೂರಿ ಕೇಳಿದಳು: "ಹಂಗಾರ ನಾಳೆ ನಾ ಏನ ಮಾಡ್ಲಿ, ಅವ್ವಾರ?"

"ಬಟ್ಟಿ ಒಣಗ್ಯಾವೇನು ನೋಡು."

ಒಣಗಿದ್ದವು. ಕಸ್ತೂರಿ ಮಡಚಿಟ್ಟು ಹೊರಟಳು. ಫಕೀರವ್ವ ತಡೆಯಲಿಲ್ಲ, ಹರಸಲೂ ಇಲ್ಲ.

ಮರುದಿನ ಆಟಕ್ಕೆ ಮುಂಚೆ ಹನಮವ್ವ ಮಗಳ ಬಾಯಿಗೆ ಬೆಲ್ಲ ಮೆಣಸು ಇಟ್ಟಳು. "ಗಂಟಲು ತಿಳಿ ಆಗತೈತಿ. ಅತ್ತ ಬಿಡು ಮಗಳ. ಅತ್ರ ಯಾರೂ ಸಾಯಂಗಿಲ್ಲ."

ಕಸ್ತೂರಿ ತಾಯಿಯ ಮುಖ ನೋಡಿದಳು. ಸುಟ್ಟ ಕಲೆಗಳ ಆ ಕೈ ನೋಡಿದಳು.

ಥೇಟರು ತುಂಬಿತ್ತು. ಮುಂದಿನ ಸಾಲಿನಲ್ಲಿ ಮಂತ್ರಿ, ಮಂತ್ರಿಯ ಪಕ್ಕದಲ್ಲಿ ಫಕೀರವ್ವ. ಗುರುಸಿದ್ದಪ್ಪ ಅವಳನ್ನು ತಾಳ್ಮೆಯ ಮೂರ್ತಿ ಎಂದು ಹೊಗಳಿದ. ಒಂದು ಕಾಲಕ್ಕೆ "ಏ ಫಕೀರಿ, ಬಾರೇ ಇಲ್ಲಿ" ಎಂದು ಕರೆಯುತ್ತಿದ್ದ ಬಾಯಿ ಅದು. ಜನ ಚಪ್ಪಾಳೆ ತಟ್ಟಿದರು.

ತೊಟ್ಟಿಲ ದೃಶ್ಯ ಬಂತು.

ನಾಯಕಿ ತೊಟ್ಟಿಲಿಗೆ ಕೈ ಹಾಕಿದಳು. ಸೆರಗಿನಲ್ಲಿ ಮುಖ ಮುಚ್ಚಿದಳು. ಭುಜ ಕುಣಿಸಿದಳು.

ಸದ್ದಿಲ್ಲ.

ಹಾರ್ಮೋನಿಯಂ ಕಾದು ಕಾದು ನಿಂತಿತು. ನಾಯಕಿ ಇನ್ನೂ ಜೋರಾಗಿ ಭುಜ ಕುಣಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಿಳ್ಳೆ ಬಿತ್ತು.

ಗುರುಸಿದ್ದಪ್ಪ ಪರದೆಯ ಹಿಂದೆ ಓಡಿಬಂದ. ಕಸ್ತೂರಿ ಮೈಕಿನ ಮುಂದೆ ಬಾಯಿ ಮುಚ್ಚಿ ನಿಂತಿದ್ದಳು.

"ಅಳು ಲೇ. ನಿಮ್ಮವ್ವ ಇವತ್ತ ಬೀದಿಗೆ ಬೀಳತಾಳ ನೋಡು."

"ಆ ಅಳು ಬರಬೇಕಂದ್ರ ಒಂದು ಕೂಸು ಸಾಯಬೇಕ್ರಿ," ಎಂದಳು ಕಸ್ತೂರಿ. "ಯಾರ ಕೂಸು ಕೊಡ್ತೀರಿ? ನಿಮ್ಮದು ಕೊಡ್ತೀರೇನು?"

ಅವನು ಹೊಡೆದ. ಅಳುವಿಗೆಂದು ಇಟ್ಟ ಮೈಕು ಇಬ್ಬರ ಮಾತನ್ನೂ ಆ ಏಟನ್ನೂ ಥೇಟರಿಗೆಲ್ಲ ಕೇಳಿಸಿತು.

ಆಗಲೂ ಅವಳು ಅಳಲಿಲ್ಲ. ಅಡುಗೆ ಮನೆಯಿಂದ ಹನಮವ್ವ ಬಂದು ಮಗಳ ಪಕ್ಕ ನಿಂತಳು. ಅವಳ ಕಂಕುಳಲ್ಲಿ ಆಗಲೇ ಬಟ್ಟೆಬರೆಯ ಗಂಟು ಇತ್ತು.

ಥೇಟರಿನಲ್ಲಿ ಯಾರೂ ಮಿಸುಕಲಿಲ್ಲ. ಮಂತ್ರಿ ಗಡಿಯಾರ ನೋಡಿಕೊಂಡ.

ಫಕೀರವ್ವ ಕುರ್ಚಿಯಿಂದ ಎದ್ದಳು. ಮೆಟ್ಟಿಲು ಹತ್ತಿದಳು. ನಾಯಕಿಯನ್ನು ದಾಟಿ, ತೊಟ್ಟಿಲನ್ನು ದಾಟಿ, ಪಕ್ಕದ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅರ್ಧ ಹರಿಯಿತು. ಹರಿದ ಜಾಗದಲ್ಲಿ ಕೆನ್ನೆ ಊದಿದ ಕಸ್ತೂರಿ, ಅವಳ ತಾಯಿ, ಎತ್ತಿದ ಕೈ ಇಳಿಸಲು ಮರೆತ ಮಾಲಕ, ಮೂವರೂ ಜನಕ್ಕೆ ಕಂಡರು.

"ಅವ್ವಾರ, ದೃಶ್ಯ ನಡದೈತ್ರಿ," ಎಂದ ಗುರುಸಿದ್ದಪ್ಪ.

ಫಕೀರವ್ವ ಅವನ ಕಡೆ ತಿರುಗಲಿಲ್ಲ. ಕುರ್ಚಿಗಳ ಕಡೆ ನೋಡಿದಳು.

"ನನ್ನ ಕೈಯಾಗ ಇಷ್ಟ ಹರೀತು. ಎಷ್ಟು ದಿನಾ ಅಲ್ಲೇ ಕುಂತು ಕಣ್ಣೊರಸಕೋತೀರಿ? ಏಳ್ರಿ. ಬಂದು ಉಳದಿದ್ದು ಹರೀರಿ."