ದಳವಾಯಿ ಹಿಡಿದ ಕಿಟಕಿ ಸೀಟು

ಸಿಂಗಭೂಪ ದೊರೆ ಒಂದು ವಿಮಾನ ಕೊಂಡ. ಆ ಕಾಲದಲ್ಲಿ ವಿಮಾನ ಎಲ್ಲಿತ್ತು ಅಂತ ಕೇಳಬೇಡಿ, ಕೇಳಿದರೆ ಕತೆ ಇಲ್ಲೇ ನಿಂತುಹೋಗುತ್ತದೆ!

ಮೊದಲ ಹಾರಾಟದ ದಿನ ಎಲ್ಲರಿಗಿಂತ ಮುಂಚೆ ಒಳನುಗ್ಗಿದವನು ದಳವಾಯಿ ಹುಲಿರಾಯ. ಮುಂದಿನ ಸಾಲಿನ ಎಡಗಡೆ ಕಿಟಕಿ ಸೀಟಿಗೆ ಟವೆಲು ಎಸೆದು ಮೀಸೆ ತಿರುವಿದ.

"ಈ ಟವೆಲು ತೆಗೆಸೋ ಗಂಡು ಇನ್ನೂ ಹುಟ್ಟಿಲ್ಲ!"

ಜಂಬಕ್ಕೆ ಕಾರಣವಿತ್ತು. ಆ ರಾಜ್ಯದಲ್ಲಿ ಬಯಲಾಟವಿರಲಿ, ಮದುವೆ ಊಟವಿರಲಿ, ಟವೆಲು ಹಾಕಿದವನದೇ ಜಾಗ, ಆದರೆ ಒಬ್ಬರಿಗೆ ಒಂದೇ ಟವೆಲು. ಅದು ದೊರೆಯ ತಾತ ಮಾಡಿದ ಕಟ್ಟಳೆ, ದೊರೆಯೂ ಮುರಿಯುವಂತಿಲ್ಲ.

ದೊರೆಯ ಮುಖ ಸಪ್ಪಗಾಯಿತು. ಆ ಸೀಟನ್ನು ಅವನು ತಾಯಿ ವೀರಾಜಮ್ಮನವರಿಗೆ ಅಂದುಕೊಂಡಿದ್ದ. ಅವರ ತವರು ಕೋಗಿಲೆಗುಡ್ಡ ಕಾಣುವುದು ಎಡಗಡೆಗೇ. ಮದುವೆಯಾಗಿ ಬಂದವರು ಮತ್ತೆ ಅದನ್ನು ಕಂಡಿರಲಿಲ್ಲ, ಈಗಂತೂ ಗುಡ್ಡ ಹತ್ತುವ ಶಕ್ತಿಯಿಲ್ಲ. ಎಡಗಡೆ ಇದ್ದದ್ದು ಎರಡೇ ಕಿಟಕಿ, ಹಿಂದಿನದಕ್ಕೆ ವಿಮಾನದ ರೆಕ್ಕೆ ಅಡ್ಡ.

ದೊರೆ ಆಸ್ಥಾನದ ಜಾಣ ಓಬಳಯ್ಯನನ್ನು ಪಕ್ಕಕ್ಕೆ ಕರೆದ. "ಆ ಸೀಟು ಅಮ್ಮನಿಗೆ ಕೊಡಿಸು. ಅವನ ಟವೆಲು ಮುಟ್ಟಬಾರದು, ಸುಳ್ಳು ಹೇಳಬಾರದು. ಆಗದಿದ್ದರೆ ನಾಳೆಯಿಂದ ಆಸ್ಥಾನದ ಕಡೆ ತಲೆ ಹಾಕಬೇಡ."

"ಅದಕ್ಕೇನಂತೆ ಬುದ್ಧಿ!" ಅಂದ ಓಬಳಯ್ಯ.

ಸೀದಾ ಹಿಂದಿನ ಕಿಟಕಿಗೆ ಹೋದ. ಟವೆಲು ಹಾಸಿದ, ಸುಕ್ಕು ಬಿಡಿಸಿದ, ಪಂಚೆಯ ತುದಿಯಿಂದ ಗಾಜು ಒರೆಸಿದ. ಆಮೇಲೆ ಕೂತು ಹೊರಗೆ ನೋಡುತ್ತಾ ಒಬ್ಬನೇ ನಗತೊಡಗಿದ. ದಳವಾಯಿಯ ಕತ್ತು ತಿರುಗಿತು.

"ಏನಯ್ಯಾ ಅಲ್ಲಿ?"

"ಏನಿಲ್ಲ ದಳವಾಯಿಗಳೇ, ರೆಕ್ಕೆ ಕಾಣುತ್ತೆ, ಅಷ್ಟೇ."

"ಅಷ್ಟಕ್ಕೆ ಯಾರಾದರೂ ಹೀಗೆ ಹಲ್ಲು ಕಿರೀತಾರಾ?"

"ನೀವು ಅಲ್ಲೇ ಆರಾಮಾಗಿ ಕೂತಿರಿ ಸ್ವಾಮಿ. ದಯವಿಟ್ಟು ಈ ಕಡೆ ಮಾತ್ರ ಬರಬೇಡಿ."

ಬರಬೇಡ ಅಂದರೆ ಹುಲಿರಾಯ ಕೇಳುವ ಆಸಾಮಿಯೇ? ದಡಕ್ಕನೆ ಎದ್ದ. "ಏಳು! ನನಗೆ ಅದೇ ಬೇಕು!"

"ಅಯ್ಯೋ, ನನ್ನ ಟವೆಲಿದೆಯಲ್ಲ!"

"ತೆಗೆಯೋ ಅಂದರೆ!"

"ತೆಗೀತೀನಿ. ಆದರೆ ಒಬ್ಬರಿಗೆ ಒಂದೇ ಟವೆಲು ಅಲ್ಲವೇ? ಮೊದಲು ನಿಮ್ಮದು..."

ಮಾತು ಮುಗಿಯುವ ಮೊದಲೇ ದಳವಾಯಿ ತನ್ನ ಟವೆಲನ್ನು ತಾನೇ ಕಿತ್ತು ತಂದು ಹಿಂದಿನ ಸೀಟಿನ ಮೇಲೆ ಬಡಿದ. ಓಬಳಯ್ಯ ಮುಖ ಜೋಲು ಹಾಕಿಕೊಂಡು ಎದ್ದ. ನಾಲ್ಕು ಹೆಜ್ಜೆ ಇಟ್ಟವನೇ ಮುಂದಿನ ಸೀಟು ತೋರಿಸಿ, "ಬನ್ನಿ ಅಮ್ಮಾವ್ರೇ, ಕೂತ್ಕೊಳ್ಳಿ" ಅಂದ.

ವಿಮಾನ ಮೇಲೇರಿತು.

"ಅಗೋ ನಮ್ಮ ಕೆರೆ! ಅಗೋ, ನಾನು ಈಜು ಕಲಿತ ಕಲ್ಯಾಣಿ! ಸಿಂಗಾ, ನೋಡೋ!" ವೀರಾಜಮ್ಮನವರ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ದೊರೆಗೆ ಹೇಳಲಾರದಷ್ಟು ಸಂತೋಷವಾಯಿತು.

ಹುಲಿರಾಯ ಗಾಜಿಗೆ ಮೂಗು ಒತ್ತಿ ಒತ್ತಿ ನೋಡಿದ. ರೆಕ್ಕೆ. ಮತ್ತೆ ನೋಡಿದ. ಅದೇ ರೆಕ್ಕೆ.

ಕೆಳಗಿಳಿದದ್ದೇ ತಡ, ಅಬ್ಬರಿಸಿದ. "ಪ್ರಭು, ಈ ಓಬಳಯ್ಯ ನನಗೆ ಮೋಸ ಮಾಡಿದ!"

"ರೆಕ್ಕೆ ಕಾಣುತ್ತೆ ಅಂತ ಮೊದಲೇ ಹೇಳಿದ್ದೆನಲ್ಲ ಸ್ವಾಮಿ?"

"ಹಾಗಾದರೆ ಅಂಥಾ ದರಿದ್ರ ಕಿಟಕಿಗೆ ಟವೆಲು ಯಾಕೆ ಹಾಕಿದೆ?"

ಓಬಳಯ್ಯ ಕೈಮುಗಿದ. "ನಿಮ್ಮ ಮೇಲಿನ ಗೌರವಕ್ಕೆ ಕಿಟಕಿಗೆ ಹಾಕಿದೆ. ಹಿಂದಿನ ಕಕ್ಕಸಿಗೆ ಹಾಕಿದ್ದರೂ ನೀವು ಕಿತ್ತುಕೊಳ್ಳುತ್ತಿದ್ದಿರಿ!"

ವೀರಾಜಮ್ಮನವರು ಬಾಯಿಗೆ ಸೆರಗು ಒತ್ತಿಕೊಂಡರು. ದೊರೆ ಹೊಟ್ಟೆ ಹಿಡಿದು ನಗುತ್ತಲೇ ತನ್ನ ಜರತಾರಿ ಶಾಲು ತೆಗೆದು ಓಬಳಯ್ಯನಿಗೆ ಹೊದಿಸಿದ.