ಉಡಿದಾರದಡಿಯ ಗಜಕರ್ಣ

ಅಂಬಿಗ ಹುಲಿಗೆಪ್ಪನ ಉಡಿದಾರ ಹೊಳೆಯ ನೀರಿಗೆ ಯಾವಾಗಲೂ ಒದ್ದೆ. ಅದರಡಿ ಗಜಕರ್ಣ ಸೇರಿಕೊಂಡು, ಚರ್ಮದ ಮೇಲೆ ಬಳೆ ಬಳೆಯಾಗಿ ಹರಡಿತು. ತುರಿಕೆ ತಾಳಲಾರದೆ ಅವನು ಹಿತ್ತಲ ನಾಗಮಲ್ಲಿಗೆಯ ಎಲೆ ಕಿತ್ತು, ನಿಂಬೆರಸದಲ್ಲಿ ಅರೆದು, ದಾರದ ಆಚೆ ಈಚೆ ಹಚ್ಚಿಕೊಂಡ.

“ದಾರ ಬಿಚ್ಚಿ ಹಚ್ಕೋರಿ,” ಎಂದಳು ಹೆಂಡತಿ ದ್ಯಾಮವ್ವ.

“ಉಡಿದಾರ ಇಲ್ಲದ ನಡ ಹೆಣದ್ದು. ನಾ ಇನ್ನೂ ಸತ್ತಿಲ್ಲ,” ಎಂದ ಹುಲಿಗೆಪ್ಪ.

ಎಲೆ ಉಡಿದಾರವನ್ನು ಕೇಳಿತು: “ಸ್ವಲ್ಪ ಸರಿಯುತ್ತೀಯಾ? ರೋಗ ನಿನ್ನ ಅಡಿಯಲ್ಲೇ ಇದೆ.”

“ಸರಿಯಲಾರೆ. ಇವನನ್ನು ಹುಟ್ಟಿದಾಗಿನಿಂದ ಕಾಯುತ್ತಿರುವವನು ನಾನು. ನೀನು ನಿನ್ನೆ ಬಂದ ಸೊಪ್ಪು.”

“ನನ್ನನ್ನೂ ಈ ದಾರವೇ ಕಾಯುತ್ತಿದೆ,” ಎಂದಿತು ಗಜಕರ್ಣ, ಅಡಿಯಿಂದ.

ಹತ್ತು ದಿನಕ್ಕೆ ಆಚೆ ಈಚೆಯ ಬಳೆಗಳು ಒಣಗಿದವು. ಮತ್ತೆ ಹತ್ತು ದಿನಕ್ಕೆ ದಾರದಡಿಯಿಂದ ಹೊಸವು ಹೊರಟವು. ಅಷ್ಟರಲ್ಲಿ ಗಿಡದಲ್ಲಿ ಒಂದೆಲೆಯೂ ಉಳಿದಿರಲಿಲ್ಲ.

“ಇದರಾಗ ಸತ್ವ ಇಲ್ಲ,” ಎಂದು ಹುಲಿಗೆಪ್ಪ ನಾಗಮಲ್ಲಿಗೆಯನ್ನು ಬೇರು ಸಮೇತ ಕಿತ್ತು ತಿಪ್ಪೆಗೆ ಎಸೆದ. ಮಂತ್ರ ಹಾಕುವವನ ಹತ್ತಿರ ಹೋಗಿ, ತುರಿಕೆ ನಿಲ್ಲಲೆಂದು ಮಂತ್ರಿಸಿದ ಕರಿದಾರವೊಂದನ್ನು ಉಡಿದಾರದ ಪಕ್ಕದಲ್ಲೇ ಬಿಗಿಯಾಗಿ ಕಟ್ಟಿಸಿಕೊಂಡು ಬಂದು, ದೋಣಿಗಿಳಿದ.

ಸಂಜೆಯ ಹೊತ್ತಿಗೆ ಕರಿದಾರವೂ ನೆನೆದಿತ್ತು. ಗಜಕರ್ಣ ಮೆಲ್ಲಗೆ ಅದರಡಿಗೂ ಮೈಚಾಚಿತು.

“ಒಂದೇ ಮನೆಯಲ್ಲಿ ಇಕ್ಕಟ್ಟಾಗಿತ್ತು,” ಎಂದಿತು ಉಡಿದಾರಕ್ಕೆ. “ಯಜಮಾನ ತಾನೇ ಹೋಗಿ ಇನ್ನೊಂದನ್ನು ಮಾಡಿಸಿಕೊಂಡು ಬಂದ.”